ಇಪ್ಪತ್ತೊಂದು ಹೆಸರಿನ ಪಟ್ಟಿ

ಮಾರ್ಚ್ 28, 2025, ಶುಕ್ರವಾರ

ವರ್ಷದ ಕೊನೆ ಬಂತೆಂದರೆ ಮನೆಯಲ್ಲಿ ನನ್ನನ್ನು ಯಾರೂ ಮಾತನಾಡಿಸುವುದಿಲ್ಲ. ಮಾತನಾಡಿಸಿದರೆ ಕಚ್ಚುತ್ತೇನಂತೆ. ಹೆಂಡತಿ ಪ್ರಾಚಿ ಹೇಳುವ ಮಾತು, ಸುಳ್ಳೇನಲ್ಲ. ಇಪ್ಪತ್ತಾರು ವರ್ಷ ಲೆಕ್ಕ ಬರೆದವನಿಗೆ ಮಾರ್ಚ್ ಎಂದರೆ ಬರೀ ತಲೆಬಿಸಿ. ಸಿಟ್ಟು ಒಳಗಿಟ್ಟುಕೊಂಡರೆ ಬಿ.ಪಿ. ಏರುತ್ತದೆ, ಎಲ್ಲಿಯಾದರೂ ಬರೆದು ಹೊರಗೆ ಹಾಕಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಡೈರಿ. ಯಾರೂ ಓದುವುದಿಲ್ಲ, ಹಾಗಾಗಿ ಬಾಯಿಗೆ ಬಂದದ್ದು ಬರೆಯಬಹುದು.

ಬೆಳಗಿನ ಬಸ್ಸಿಗೆ ವಿಜಯಪುರದಿಂದ ತಿಕೋಟಾಕ್ಕೆ ಹೋದೆ. ನಿಂತೇ ಹೋದೆ. ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಬುಡ್ಡೇಸಾಬ ಹಲ್ಲು ಕಿರಿಯುತ್ತ ನಿಂತಿದ್ದ. ಬಬಲೇಶ್ವರದಿಂದ ಎರಡು ಟಂಟಂ ಗಾಡಿ ತುಂಬ ಹೆಂಗಸರನ್ನು ಕರೆತಂದು ದ್ರಾಕ್ಷಿ ಆರಿಸುವ ಕೆಲಸ ಮಾಡಿಸುವ ಮುಕಾದಮ ಅವನು. "ಬಂತಲ್ರಿ ದಿವಾನಜಿ ಸಾಹೇಬ್ರ ನಿಮ್ಮ ಸುಗ್ಗಿ! ಈ ಸಲಾನೂ ಎಲ್ಲಾರ ಹೆಸರ ಕೇಳಾವ್ರೇನ್ರಿ?" ಎಂದ.

ಕೇಳುತ್ತೇನೆ. ಕೇಳದೆ ಬಿಡುವ ಪೈಕಿ ಅಲ್ಲ ನಾನು. ವರ್ಷವಿಡೀ ನಮ್ಮ ಪುಸ್ತಕದಲ್ಲಿ ಆ ಹೆಂಗಸರಿಗೆ ಹೆಸರಿಲ್ಲ. 'ಬುಡ್ಡೇಸಾಬ, ಇಪ್ಪತ್ತೆರಡು ಆಳು, ಇಷ್ಟು ರೂಪಾಯಿ' ಎಂದು ಸಂತೆಯ ದಿನ ಬರೆದು ಅವನ ಕೈಗೆ ನಗದು ಕೊಟ್ಟರೆ ವಾರದ ಪಗಾರ ಮುಗಿಯಿತು. ಆದರೆ ಮಾರ್ಚ್‌ನ ಕೊನೆಯ ಸಂತೆಯಿಂದ ಮೂವತ್ತೊಂದರವರೆಗೆ ದುಡಿದದ್ದಕ್ಕೆ ಹಣ ಕೊಡುವುದು ಏಪ್ರಿಲ್‌ನಲ್ಲಿ. ದುಡಿಮೆ ಈ ವರ್ಷದ್ದು, ಹಣ ಮುಂದಿನ ವರ್ಷದ್ದು. ಅದನ್ನು 'ಕೊಡಬೇಕಾದ ಪಗಾರ' ಎಂದು ಈ ವರ್ಷದ ಖರ್ಚಿಗೇ ಹಾಕಬೇಕು. ಇಂಥ ಹೊಂದಾಣಿಕೆ ನಮೂದುಗಳೇ ವರ್ಷಾಂತ್ಯದ ನನ್ನ ಕೆಲಸ. ಇನ್ನೂ ಕೊಡದ ಹಣಕ್ಕೆ ರಸೀದಿ ಎಲ್ಲಿಂದ ಬರಬೇಕು? ಅದಕ್ಕೇ ಹೆಸರಿನ ಪಟ್ಟಿ: ಯಾರು, ಎಷ್ಟು ದಿನ. ಈ ಪದ್ಧತಿ ಹಾಕಿದವನು ನಾನೇ. ವರ್ಷಕ್ಕೊಮ್ಮೆ, ಒಂದೇ ಒಂದು ಹಾಳೆಯ ಮೇಲೆ, ಆ ಹೆಂಗಸರಿಗೆ ಹೆಸರು ಬರುತ್ತದೆ.

ಬುಡ್ಡೇಸಾಬನಿಗೆ ಹೆಸರು ನೆನಪಿರುವುದಿಲ್ಲ. ಹೇಳಿ ಬರೆಸಿದವಳು ಸಾವಂತ್ರವ್ವ. ದೀಪಾವಳಿ ಆದ ಮೇಲೆ ಸೇರಿದ ಹೆಂಗಸು, ನಲವತ್ತರ ಆಸುಪಾಸು. ಅಕ್ಷರ ಬಾರದು, ಆದರೆ ಯಾರು ಯಾವ ದಿನ ಬಂದರು, ಯಾರು ನಡುವೆ ಎದ್ದು ಹೋದರು, ಎಲ್ಲ ಬಾಯಿಪಾಠ. "ಮಾಶಾಬಿಗಿ ನಿನ್ನಿ ಜ್ವರ ಬಂದಿತ್ರಿ, ಮಧ್ಯಾಹ್ನಕ್ಕ ಹೋಗ್ಯಾಳ. ಅರ್ಧಾ ದಿನಾ ಬರೀರಿ" ಎಂದಳು. ಪಕ್ಕದಲ್ಲೇ ಕೂತಿದ್ದ ಮಾಶಾಬಿ ಕಣ್ಣು ಕೆಂಪಗೆ ಮಾಡಿದಳು. ಸಾವಂತ್ರವ್ವ ಅವಳ ಭುಜ ತಟ್ಟಿ, "ಸಿಟ್ಟಾಗಬ್ಯಾಡಬೇ. ಸಾಹೇಬ್ರ ಬರಕೊಳ್ಳಾಕತ್ತಾರ, ಖರೇ ಇದ್ದದ್ದ ಹೇಳಬೇಕಿಲ್ಲೋ?" ಎಂದು ನಕ್ಕಳು. ಇಂಥವರು ನಾಲ್ಕು ಜನ ಇದ್ದಿದ್ದರೆ ನನಗೇಕೆ ಬಿ.ಪಿ. ಬರುತ್ತಿತ್ತು!

ಸೋಮವಾರ ದಾಸ್ತಾನು ಎಣಿಕೆ. ತಂಪು ಖೋಲಿಗಳಲ್ಲಿ ಬಾಕ್ಸುಗಳನ್ನು ಒಂದರ ಮೇಲೊಂದು ಪೇರಿಸಿ ಎಂಟೆಂಟರ ಥಪ್ಪಿ ಹಚ್ಚಿದ್ದಾರೆ, ಎಣಿಸುವಾಗ ತಲೆ ಕೆಡುತ್ತದೆ. ಹತ್ತರ ಥಪ್ಪಿ ಹಚ್ಚಲು ಹೇಳಿದೆ. ಹಮಾಲ ಮಶಾಕಸಾಬ, "ಹತ್ತರದ್ದು ಓಲಾಡತೈತ್ರಿ ಸಾಹೇಬ್ರ" ಎಂದು ಗೊಣಗಿದ. ಎರಡೇ ಬಾಕ್ಸಿಗೆ ಎಷ್ಟು ಗೊಣಗಾಟ! ಹಚ್ಚು ಅಂದರೆ ಹಚ್ಚು ಎಂದು ಗದರಿದೆ. ನಾಳೆ ಮಧ್ಯಾಹ್ನ ಮೂರನೇ ಖೋಲಿಯನ್ನು ಒಮ್ಮೆ ಎಣಿಸಿ ಹೇಳು ಎಂದು ಸಾವಂತ್ರವ್ವನಿಗೆ ವಹಿಸಿ ಬಂದೆ. ಹಮಾಲರ ಎಣಿಕೆಗಿಂತ ಅವಳದು ವಾಸಿ.

ಮಾರ್ಚ್ 29, ಶನಿವಾರ

ಸಾವಂತ್ರವ್ವ ಹೋದಳು.

ಮೂರನೇ ಖೋಲಿ. ಥಪ್ಪಿ ಜಾರಿ ಒಂದರ ಮೇಲೊಂದು ಸಾಲು ಬಿತ್ತು. ಒಂದೊಂದು ಬಾಕ್ಸು ಹದಿನೈದು ಕಿಲೋ. ಎತ್ತಿ ಎತ್ತಿ ಬದಿಗಿಡುವಷ್ಟರಲ್ಲಿ ಮುಗಿದಿತ್ತು. ನಾನು ಆಫೀಸಿನಲ್ಲಿ ಕಟ್ಟಡದ ವಿಮೆಯ ಕಂತನ್ನು ಎರಡು ವರ್ಷಕ್ಕೆ ಹಂಚುತ್ತ ಕೂತಿದ್ದೆ. ಸದ್ದು ಕೇಳಿತು. ಯಾವುದೋ ಲಾರಿ ಎಂದುಕೊಂಡೆ.

ನಾನೇ ಕಳಿಸಿದ್ದು. ಎಣಿಸಿ ಬಾ ಎಂದದ್ದು ನಾನೇ. ಹತ್ತರ ಥಪ್ಪಿ ಎಂದದ್ದೂ ನಾನೇ. ದೇವರೇ, ನಾನೇ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ಎಣಿಕೆ ಮುಂದೆ ಹೋಗಿದೆ. ಯಾವತ್ತು ಎಣಿಸಿದರೂ ಕಾಗದದ ಮೇಲೆ ಬರೆಯುವುದು ಇವತ್ತಿನ ತಾರೀಖೇ. ನಮ್ಮ ಕಸುಬಿನಲ್ಲಿ ಮಾರ್ಚ್ ಮೂವತ್ತೊಂದು ಎಂಬ ದಿನ ಜೂನ್‌ವರೆಗೂ ನಡೆಯುತ್ತದೆ.

ಪ್ರಾಚಿ ಹೋಳಿಗೆ ಮಾಡಿದ್ದಳು. ತಟ್ಟೆಯಲ್ಲೇ ಬಿಟ್ಟು ಎದ್ದೆ. "ಏನಾತ್ರಿ ನಿಮಗ?" ಎಂದು ಎರಡು ಸಲ ಕೇಳಿದಳು. ಕೆಲಸದಲ್ಲಿ ಒಬ್ಬ ಹೆಂಗಸು ಸತ್ತಳು ಎಂದೆ. ಮಿಕ್ಕದ್ದು ಹೇಳಲು ಬಾಯಿ ಬರಲಿಲ್ಲ. ನಿನ್ನೆ ಬಬಲೇಶ್ವರದಲ್ಲಿ ಮಣ್ಣಾಯಿತಂತೆ. ಹೋಗಬೇಕಿತ್ತು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದೆ. ಗಂಡ ಭಾಗಪ್ಪನ ಮುಖವನ್ನು ಹೇಗೆ ನೋಡುವುದು? ಅವನ ಕಾಲಿಗೆ ಪೆಟ್ಟಾಗಿ ಎರಡು ವರ್ಷದಿಂದ ಮನೆಯಲ್ಲೇ ಇದ್ದಾನಂತೆ. ಮಗಳು ದಾನೇಶ್ವರಿ ಡಿಗ್ರಿ ಮೊದಲನೇ ವರ್ಷ. ಮನೆಗೆ ದುಡಿಯುತ್ತಿದ್ದವಳು ಇವಳೊಬ್ಬಳೇ.

ಏಪ್ರಿಲ್ 4, ಶುಕ್ರವಾರ

ಪಟ್ಟಿ ಮುಗಿಸಿದೆ. ಇಪ್ಪತ್ತೆರಡು ಹೆಸರು. ಸಾವಂತ್ರವ್ವನ ಹೆಸರು ಹನ್ನೊಂದನೆಯದು. ಇಪ್ಪತ್ತೇಳು, ಇಪ್ಪತ್ತೆಂಟು ಪೂರ್ತಿ, ಇಪ್ಪತ್ತೊಂಬತ್ತು ಅರ್ಧ. ಎರಡೂವರೆ ದಿನ, ದಿನಕ್ಕೆ ನಾನೂರರಂತೆ ಒಂದು ಸಾವಿರ ರೂಪಾಯಿ. ಪೂರ್ತಿ ದಿನ ಬರೆದರೆ ಯಾರು ಕೇಳುತ್ತಿದ್ದರು? ಆದರೆ ಅವಳೇ ಇದ್ದಿದ್ದರೆ ಅರ್ಧವೇ ಬರೆಸುತ್ತಿದ್ದಳು. ಅರ್ಧವೇ ಬರೆದೆ.

ಕೊಡಬೇಕಾದ ಪಗಾರ, ಒಟ್ಟು ಇಪ್ಪತ್ತೊಂದು ಸಾವಿರದ ಎಂಟುನೂರು. ತಾತ್ಕಾಲಿಕ ಲೆಕ್ಕ ಆಡಿಟರ ಆಫೀಸಿಗೆ ಕಳಿಸಿದೆ. ಪಟ್ಟಿಯನ್ನು ಕೈಯಲ್ಲೇ ಬರೆದು ಫೈಲಿಗೆ ಹಾಕಿದೆ.

ಒಂದು ಸಮಾಧಾನ. ಸಾಯುವ ದಿನದವರೆಗೂ ಅವಳು ನಮ್ಮಲ್ಲಿ ದುಡಿದಳು ಎಂಬುದಕ್ಕೆ ಜಗತ್ತಿನಲ್ಲಿ ಇರುವ ಕಾಗದ ಇದೊಂದೇ. ಪರಿಹಾರ ಕೇಳಲು ಮಗಳಿಗೆ ಇದು ಬೇಕಾಗುತ್ತದೆ. ಕೇಳಿದರೆ ಕೊಡುತ್ತೇನೆ. ಅಷ್ಟಾದರೂ ಮಾಡದಿದ್ದರೆ ನಾನು ಮನುಷ್ಯನೇ ಅಲ್ಲ.

ಏಪ್ರಿಲ್ 9, ಬುಧವಾರ

ಮಾಲೀಕ ರಾಜಾರಾಮರು ಕರೆಸಿದರು. ಚಹಾ ತರಿಸಿದರು. ಇಪ್ಪತ್ತಾರು ವರ್ಷದಲ್ಲಿ ಅವರು ನನಗೆ ಚಹಾ ತರಿಸಿದ್ದು ಮೂರೋ ನಾಲ್ಕೋ ಸಲ, ಆಗಲೇ ನನಗೆ ವಾಸನೆ ಬಡಿಯಿತು.

"ಹೇಮಂತರಾವ್, ಪಗಾರದ ಪಟ್ಟಿ ನೋಡೇನಿ. ಆ ಹೆಣ್ಣಮಗಳ ಹೆಸರ ಯಾಕ ಬಂತದರಾಗ?"

"ದುಡದಾಳಲ್ರಿ. ಎರಡೂವರೆ ದಿನ."

"ಆಕೀ ನಮ್ಮ ಆಳ ಅಲ್ಲ ಅಂತ ಪೊಲೀಸರ ಮುಂದ ಬರೆಸೇವಿ. ಮಾಶಾಬಿಗಿ ಬುತ್ತಿ ಕೊಡಾಕ ಬಂದಾಕಿ, ಖೋಲ್ಯಾಗ ತಂಪ ಐತಿ ಅಂತ ಒಳಗ ಹೊಕ್ಕಾಳ. ಬುಡ್ಡೇಸಾಬನೂ ಹಂಗ ಹೇಳ್ಯಾನ. ಹೆಂಗಸರೂ ಹಂಗ ಹೇಳ್ಯಾರ."

ಮೈ ಉರಿಯಿತು. ಆ ಪಟ್ಟಿಯ ಹೆಸರುಗಳನ್ನು ಅವಳೇ ಹೇಳಿ ಬರೆಸಿದ್ದು ಎಂದೆ. ಅವರು ಸಿಟ್ಟಾಗಲಿಲ್ಲ. ಆಳುಗಳಿಗೆ ವಿಮೆ ಮಾಡಿಸಿಲ್ಲ, ಹತ್ತು ಹನ್ನೆರಡು ಲಕ್ಷ ಕೈಯಿಂದ ಕೊಡಬೇಕಾಗುತ್ತದೆ, ಈ ಸಲ ರೇಟೂ ಇಲ್ಲ, ಬ್ಯಾಂಕಿನವರು ಬೆನ್ನು ಹತ್ತಿದ್ದಾರೆ ಎಂದರು. ಆಮೇಲೆ ಬಸಿಯಲ್ಲಿ ಚಹಾ ಹೊಯ್ದುಕೊಳ್ಳುತ್ತ ಮೆಲ್ಲಗೆ, "ಹತ್ತರ ಥಪ್ಪಿ ಹಚ್ರಿ ಅಂದವ್ರು ಯಾರು ಅಂತ ನಾಳಿ ಯಾರರ ಕೇಳಿದ್ರ ನಾ ಏನ ಹೇಳ್ಲಿ, ಹೇಳ್ರಿ? ಒಳಗ ಕಳಿಸಿದವ್ರು ಯಾರು? ನಿಮ್ಮ ಹೆಸರ ತರಬಾರ್ದು ಅಂತನ ಇಷ್ಟ ಎಲ್ಲಾ ಮಾಡಾಕತ್ತೇನಿ" ಎಂದರು.

ನನಗೆ ಐವತ್ತಮೂರು. ಈ ವಯಸ್ಸಿನಲ್ಲಿ ಜೈಲು ಎಂಬ ಮಾತು ತಲೆಗೆ ಹೊಕ್ಕರೆ ಅದು ಹೊರಗೆ ಹೋಗುವುದಿಲ್ಲ. ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು! ಆಗುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು.

ಏಪ್ರಿಲ್ 11, ಶುಕ್ರವಾರ

ಸಾಧ್ಯವಿಲ್ಲ. ನಾಳೆ ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ, ಅಡತಿ ಅಂಗಡಿಯಲ್ಲಿ ಚೀಟಿ ಬರೆದುಕೊಂಡಿರುತ್ತೇನೆ.

ಆದರೂ ಒಂದು ಮಾತು. ಕೋಟಿಗಟ್ಟಲೆ ವಹಿವಾಟಿನ ಲೆಕ್ಕದಲ್ಲಿ ಒಂದು ಸಾವಿರ ರೂಪಾಯಿ ಎಷ್ಟರದು? ಅಲಕ್ಷಿಸಬಹುದಾದ ಮೊತ್ತ ಎಂದು ಆಡಿಟ್ ಶಾಸ್ತ್ರವೇ ಹೇಳುತ್ತದೆ. ಲೆಕ್ಕದ ದೃಷ್ಟಿಯಿಂದ ಹೇಳುತ್ತಿದ್ದೇನೆ, ಬೇರೆ ಅರ್ಥದಲ್ಲಿ ಅಲ್ಲ.

ಏಪ್ರಿಲ್ 12, ಶನಿವಾರ

ಮಾಡಿದೆ.

ಒಂದು ಹೆಸರು ತೆಗೆದರೆ ಒಟ್ಟು ಮೊತ್ತ ಒಂದು ಸಾವಿರ ಇಳಿಯುತ್ತದೆ. ಮೊದಲು ಕಳಿಸಿದ ಲೆಕ್ಕದಲ್ಲಿ ಇಪ್ಪತ್ತೊಂದು ಸಾವಿರದ ಎಂಟುನೂರು ಇದೆ. ವ್ಯತ್ಯಾಸ ಏಕೆ ಎಂದು ಆಡಿಟರು ಕೇಳುತ್ತಾರೆ. ಅದಕ್ಕೇ ಆ ಎರಡೂವರೆ ದಿನವನ್ನು ಐದು ಹೆಂಗಸರಿಗೆ ಅರ್ಧರ್ಧ ಹಂಚಿದೆ. ಮಾಶಾಬಿಗೂ ಒಂದು ಅರ್ಧ ಸಿಕ್ಕಿತು. ಒಂದು ರೂಪಾಯಿಯೂ ಕದಲಲಿಲ್ಲ. ಕೆಲಸದ ದೃಷ್ಟಿಯಿಂದ ಅಚ್ಚುಕಟ್ಟಾಗಿದೆ, ನನಗೆ ನಾನೇ ಹೇಳಿಕೊಳ್ಳಬಾರದು.

ಹಳೆಯ ಹಾಳೆಯನ್ನು ಹರಿದೆ. ಹರಿದು ಚೂರುಗಳನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ದಾರಿಯಲ್ಲಿ ಕಿಟಕಿಯಿಂದ ಬಿಟ್ಟೆ. ರಾತ್ರಿ ಬರೀ ಮಜ್ಜಿಗೆ ಕುಡಿದೆ.

ನಾನು ಒಬ್ಬನೇ ಅಲ್ಲ. ಬುಡ್ಡೇಸಾಬ ಹೇಳಿದ್ದಾನೆ, ಇಪ್ಪತ್ತೊಂದು ಹೆಂಗಸರು ಹೇಳಿದ್ದಾರೆ. ನಾನು ಹೇಳಿಯೂ ಇಲ್ಲ, ಬರೆದೆ ಅಷ್ಟೇ.

ಏಪ್ರಿಲ್ 17, ಗುರುವಾರ

ಅಪಘಾತದ ಗಲಾಟೆಯಲ್ಲಿ ನಿಂತಿದ್ದ ಮಾರ್ಚ್‌ನ ಬಾಕಿ ಪಗಾರವನ್ನು ಇವತ್ತಿನ ಸಂತೆಗೆ ಕೊಟ್ಟಾಯಿತು. ಬುಡ್ಡೇಸಾಬ ಹಣ ಎಣಿಸಿಕೊಂಡು, "ಮಾಶಾಬಿ ಆ ಇನ್ನೂರ ರೂಪಾಯಿ ಒಲ್ಲೆ ಅಂದ್ಲರಿ. ಸತ್ತಾಕಿ ರೊಕ್ಕ ನನಗ ಬ್ಯಾಡ ಅಂತ ಅಳಾಕತ್ತಿದ್ಲು" ಎಂದ. ಅಂಥ ಮಾತು ಆಫೀಸಿನಲ್ಲಿ ಆಡಬೇಡ ಎಂದು ಗದರಿದೆ. ಹಣ ಕೊಟ್ಟಾಗಿದೆ ಎಂದು ಬರೆದುಕೊಂಡೆ. ಒಲ್ಲೆ ಎಂದ ಹಣವನ್ನು ಲೆಕ್ಕದಲ್ಲಿ ಎಲ್ಲಿ ಇಡಬೇಕು ನಾನು? ಇವರಿಗೇನು, ಅತ್ತು ಮನೆಗೆ ಹೋಗುತ್ತಾರೆ.

ಏಪ್ರಿಲ್ 24, ಗುರುವಾರ

ಆಡಿಟರ ಆಫೀಸಿನಿಂದ ಸಂಘಮಿತ್ರಾ ಬಂದಿದ್ದಳು. ಇದೇ ಜಿಲ್ಲೆಯ ಹುಡುಗಿ, ಕಳೆದ ವರ್ಷವಷ್ಟೇ ಸಿ.ಎ. ಮುಗಿಸಿದ್ದಾಳೆ. ಚುರುಕು ಅಂದರೆ ಚುರುಕು. ಯಂತ್ರಗಳ ಸವಕಳಿ ನೋಡಿದಳು, ವಿಮೆ ನೋಡಿದಳು, ತಪ್ಪು ಸಿಗಲಿಲ್ಲ. ಕೊನೆಗೆ ಪಗಾರದ ಪಟ್ಟಿ ಎತ್ತಿಕೊಂಡಳು.

"ಸರ್, ಇಪ್ಪತ್ತೊಂಬತ್ತಕ್ಕ ಮಧ್ಯಾಹ್ನ ಕೆಲಸಾ ನಿಂತಿತ್ತಲ್ರಿ, ಆ ಅಪಘಾತ ಆಗಿ? ಎಲ್ಲಾರಿಗೂ ಅರ್ಧಾ ದಿನ ಐತಿ. ಈ ಐದ ಮಂದಿಗೆ ಮಾತ್ರ ಪೂರ್ತಿ ಹೆಂಗ ಬಂತ್ರಿ?"

ಉತ್ತರ ತಾನಾಗಿಯೇ ಬಂತು. "ಐದು ಮಂದಿ ಉಳದಿದ್ರು. ಖೋಲಿ ತೊಳಸಿದೆವಲ್ಲ."

ಅವಳು ನನ್ನ ಮುಖ ನೋಡಿದಳು. ಏನು ತೊಳೆಸಿದಿರಿ ಎಂದು ಕೇಳಲಿಲ್ಲ. ಪಟ್ಟಿಯ ಬದಿಯಲ್ಲಿ ಗುರುತು ಹಾಕಿ, "ಸತ್ತಾಕಿ ಹೆಸರ ಏನಿತ್ರಿ ಸರ್?" ಎಂದಳು. ನೆನಪಿಲ್ಲ, ನಮ್ಮ ಆಳಲ್ಲ ಎಂದೆ. ಹೂಂ ಎಂದು ಮುಂದಿನ ಫೈಲು ತೆಗೆದಳು.

ಆಮೇಲೆ ಯೋಚಿಸಿದರೆ ನನ್ನ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಅವತ್ತು ಯಾರೋ ನಿಂತು ತೊಳೆದಿದ್ದು ನಿಜ. ಐದೋ ಆರೋ ನನಗೆ ಗೊತ್ತಿಲ್ಲ. ಇಷ್ಟು ದಿನದ ಮೇಲೆ ಇವತ್ತು ಹಸಿವಾಯಿತು. ಪ್ರಾಚಿಗೆ ಎರಡು ಭಕ್ಕರಿ ಹೆಚ್ಚು ಬಡಿಯಲು ಹೇಳಿದೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಇತ್ತು.

ಏಪ್ರಿಲ್ 30, ಬುಧವಾರ

ಭಾನುವಾರ ಮನೆಯಲ್ಲೇ ಕೂತು ಬಾಕಿ ನಮೂದು ಬರೆಯುತ್ತಿದ್ದಾಗ ಪ್ರಾಚಿ ಒಂದು ವಿಚಿತ್ರ ಮಾತು ಹೇಳಿದಳು. "ಮೊದಲ ನೀವು ಬರಿಯೂ ಮುಂದ ಎಲ್ಲಾ ಗಟ್ಟಿಯಾಗಿ ಹೇಳ್ಕೊಂಡ ಬರೀತಿದ್ರಿ. ಅಡಗಿ ಮನಿ ತನಕಾ ಕೇಳ್ತಿತ್ತು. ಈಗೀಗ ಸುಮ್ಮನ ಬರೀತೀರಿ." ಹೌದೇನು? ನನಗೆ ಗಮನವಿಲ್ಲ. ಗಂಟಲು ಸರಿಯಿಲ್ಲ ಎಂದೆ. ಬಿಸಿಲು ನಲವತ್ತೊಂದು ದಾಟಿದೆ, ಯಾರಿಗೆ ತಾನೆ ಸರಿಯಿರುತ್ತದೆ?

ಮೇ 8, ಗುರುವಾರ

ಇವತ್ತು ವಿಚಾರಣೆ. ವಿಜಯಪುರದಲ್ಲೇ, ಕಾರ್ಮಿಕ ಅಧಿಕಾರಿಗಳ ಮುಂದೆ. ಮೃತಳ ಗಂಡ ಮತ್ತು ಮಗಳು ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ. ಹನ್ನೊಂದಕ್ಕೆ ಬರಲು ಹೇಳಿ ಎರಡು ಗಂಟೆ ಕಾಯಿಸಿದರು. ಹೊರಗೆ ಕುರ್ಚಿ ಇಲ್ಲ, ನೀರಿಲ್ಲ. ನನ್ನ ಮೊಣಕಾಲಿನ ಪಾಡು ಕೇಳುವವರಿಲ್ಲ. ಎದುರಿನ ಗೋಡೆಯ ಹತ್ತಿರ ಅವರಿಬ್ಬರೂ ನಿಂತಿದ್ದರು. ಗಂಡ ಕೋಲು ಹಿಡಿದಿದ್ದ. ಹುಡುಗಿ ನನ್ನನ್ನು ನೋಡಿ ನಮಸ್ಕಾರ ಮಾಡಿದಳು, ನನಗೆ ಅವಳ ಪರಿಚಯವಿಲ್ಲ, ಅವಳಿಗೆ ಹೇಗೆ ಗೊತ್ತಾಯಿತೋ.

ಅಧಿಕಾರಿ ಕೇಳಿದ್ದಕ್ಕೆ ಪಟ್ಟಿ ತೋರಿಸಿದೆ. ಇಪ್ಪತ್ತೊಂದು ಹೆಸರು. ಅವರು ಓದಿ ಹುಡುಗಿಯ ಕೈಗೂ ಕೊಟ್ಟರು. ಅವಳು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದಳು. "ನಮ್ಮವ್ವ ಐದ ತಿಂಗಳ ಅಲ್ಲಿ ಕೆಲಸಕ್ಕ ಹೋಗ್ಯಾಳ್ರಿ" ಎಂದಳು. ಬೇರೆ ಕಾಗದ ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರು. ಇರಲಿಲ್ಲ.

ಮತ್ತೆ ನನ್ನ ಕಡೆ ತಿರುಗಿ, ಆ ಹೆಂಗಸು ಖೋಲಿಯ ಒಳಗೆ ಯಾಕೆ ಹೋಗಿದ್ದಳು ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಬರೆದುಕೊಂಡರು, ಸಹಿ ಮಾಡಿದೆ. ಗಂಡ ಮಾತ್ರ ತನ್ನ ಮಗಳ ಮುಖವನ್ನೇ ನೋಡುತ್ತಿದ್ದ. ಮುಂದಿನ ತಾರೀಖು ಕೊಟ್ಟಿದ್ದಾರೆ, ಆದರೆ ಪುರಾವೆ ಇಲ್ಲದೆ ಇದು ನಿಲ್ಲುವುದಿಲ್ಲ ಎಂದು ನಮ್ಮ ವಕೀಲರು ಹೇಳಿದರು.

ಬರುವಾಗ ಗಾಂಧಿ ಚೌಕಿನಲ್ಲಿ ಕಬ್ಬಿನ ಹಾಲು ಕುಡಿದೆ. ತಂಪಾಯಿತು.

ಮೇ 27, ಮಂಗಳವಾರ

ಲೆಕ್ಕ ಮುಗಿಯಿತು. ಬೆಳಿಗ್ಗೆ ಮಾಲೀಕರ ಸಹಿ ಆಯಿತು. ಈ ಸಲ ಆಡಿಟರು ಒಂದೇ ಒಂದು ತಕರಾರು ಬರೆಯಲಿಲ್ಲ. ಸಂಘಮಿತ್ರಾ ಹಾಕಿದ್ದ ಗುರುತನ್ನೂ ಅವರ ದೊಡ್ಡ ಸಾಹೇಬರು ಬಿಟ್ಟುಬಿಟ್ಟರಂತೆ. ರಾಜಾರಾಮರು ಬೆನ್ನು ತಟ್ಟಿ, ಜೂನ್‌ನಿಂದ ಪಗಾರ ಎರಡು ಸಾವಿರ ಹೆಚ್ಚು ಎಂದರು. ಒಂದು ಬಾಕ್ಸು ಒಳ್ಳೆಯ ಒಣದ್ರಾಕ್ಷಿ, ನಮ್ಮ ಕಡೆಯ ಮಣೂಕ, ಮನೆಗೆ ಕಟ್ಟಿಸಿಕೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

ಇಷ್ಟು ಖುಷಿಯಲ್ಲಿ ಬಸ್ಸಿಗೆ ಹೊರಟಿದ್ದೆ. ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಆ ಹುಡುಗಿ ನಿಂತಿದ್ದಳು. ದಾನೇಶ್ವರಿ. ಮಧ್ಯಾಹ್ನದಿಂದ ನಿಂತಿದ್ದಾಳೆ ಎಂದು ವಾಚ್‌ಮನ್ ಹೇಳಿದ. ಮತ್ತೇನು ರಗಳೆ ತಂದಳಪ್ಪ ಎಂದು ಸಿಟ್ಟು ಬಂತು. ಕೇಸಿನ ಮಾತು ನನ್ನ ಹತ್ತಿರ ಬೇಡ, ವಕೀಲರಿದ್ದಾರೆ ಎಂದೆ.

"ಕೇಸಿಂದಲ್ರಿ ಸಾಹೇಬ್ರ" ಎಂದು ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದಳು. ಒಳಗೆ ಹಣ. "ಜನವರಿದಾಗ ಅವ್ವ ನಿಮ್ಮ ಕಡಿಂದ ಮೂರ ಸಾವಿರ ಅಡ್ವಾನ್ಸ್ ಇಸ್ಕೊಂಡಿದ್ಲರಿ, ನನ್ನ ಪರೀಕ್ಷಾ ಫೀಗಂತ. ಹೇಳಿದ್ಲ ನನ್ನ ಮುಂದ. ಅದನ್ನ ಮುಟ್ಟಸಾಕ ಬಂದೇನಿ."

ಇಸಿದುಕೊಂಡಿದ್ದು ನಿಜ. ನಾನೇ ನನ್ನ ಕೈಯಾರೆ ಕೊಟ್ಟಿದ್ದೆ, ಸಂತೆಗೆ ಐದುನೂರರಂತೆ ಪಗಾರದಲ್ಲಿ ಮುರಿಯಬೇಕೆಂದು. ಇನ್ನೂ ಮುರಿಯಲು ಸುರು ಮಾಡಿರಲಿಲ್ಲ. ಅವಳ ಹೆಸರಿನಲ್ಲಿ ಬರಬೇಕಾದ ಬಾಕಿ ಎಂದು ಕಂಪ್ಯೂಟರಿನಲ್ಲಿ ಇತ್ತು. ಏಪ್ರಿಲ್ ಹನ್ನೆರಡಕ್ಕೆ ಪಟ್ಟಿ ಬದಲಿಸಿದ ದಿನವೇ ಅದನ್ನೂ ಯಂತ್ರ ದುರಸ್ತಿಯ ಖರ್ಚಿಗೆ ದಾಟಿಸಿ ಹೆಸರು ಅಳಿಸಿದ್ದೆ. ಅದು ಚಿಲ್ಲರೆ ಕೆಲಸ, ಅವತ್ತು ಇಲ್ಲಿ ಬರೆದಿರಲಿಲ್ಲ.

"ಇಷ್ಟು ರೊಕ್ಕ ಎಲ್ಲಿಂದ ತಂದಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಸಾಲಿ ಬಿಟ್ಟೇನ್ರಿ. ಬ್ಯಾರೆ ಕಡೆ ಮಣೂಕ ಆರಸಾಕ ಹೋಗಾಕತ್ತೇನಿ."

ಇದು ಅವಳ ವಕೀಲನ ಉಪಾಯವೇ ಇರಬೇಕು ಎನಿಸಿತು. ಈ ಹಣ ತೆಗೆದುಕೊಂಡರೆ ಅವಳ ತಾಯಿ ನಮ್ಮ ಆಳು ಎಂದು ಒಪ್ಪಿಕೊಂಡ ಹಾಗೆ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ವಾಚ್‌ಮನ್ ಒಳಗೆ ಹೋಗಿದ್ದ. ಅವಳೇ ಮಾತು ಮುಂದುವರಿಸಿದಳು.

"ನನಗ ರಸೀದಿ ಬ್ಯಾಡ್ರಿ. ಕೇಸ ಹಾಳಾಗಿ ಹೋಗ್ಲಿ, ಅದೂ ಬ್ಯಾಡ. ಅವತ್ತ ಆ ಆಫೀಸಿನಾಗ ಅವ್ವನ ಹೆಸರಿಲ್ಲ ಅಂತ ಆದಾಗಿಂದ ಅಪ್ಪ ಒಂದ ಮಾತ ಹಿಡದಾನ್ರಿ. ಆಕೀ ಅಲ್ಲಿ ಆಳ ಅಲ್ಲ ಅಂದಮ್ಯಾಲ ದಿನಾ ಮುಂಜಾನೆ ಎದ್ದ ಎಲ್ಲಿಗಿ ಹೋಗ್ತಿದ್ಲು? ಮೂರ ಸಾವಿರ ಯಾರ ಕೊಟ್ರು, ಯಾತಕ್ಕ ಕೊಟ್ರು? ಓಣ್ಯಾಗಿನ ಮಂದೀನೂ ಹಂಗ ಆಡಾಕತ್ತಾರ. ಗ್ವಾಡಿ ಮ್ಯಾಲಿನ ಅವ್ವನ ಫೋಟೋ ತಗದ ಹೊರಗ ಒಗದಾನ್ರಿ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀವ ಕೊಟ್ಟಿದ್ರಿ ಅಂತ ಬಾಯ್ಲೆ ಹೂಂ ಅನ್ರಿ, ಸಾಕು. ಯಾರ ಮುಂದೂ ಬ್ಯಾಡ್ರಿ, ನನ್ನ ಮುಂದ ಅನ್ರಿ. ನಾ ಹೋಗಿ ಅಪ್ಪಗ ಹೇಳ್ತೇನಿ."

ಹೂಂ ಎನ್ನಬಹುದಿತ್ತು. ಒಂದು ಅಕ್ಷರ. ಆದರೆ ಬೆಳಿಗ್ಗೆ ತಾನೆ ಸಹಿ ಆಗಿರುವ ಲೆಕ್ಕ. ಇವಳು ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಓಣಿಗೆ ಹೇಳುತ್ತಾನೆ, ಓಣಿಯಿಂದ ವಕೀಲನಿಗೆ ಎಷ್ಟು ದೂರ? ಮುಚ್ಚಿದ ವರ್ಷವನ್ನು ಒಂದು ಮಾತಿಗೆ ತೆರೆಯಲು ಆಗುವುದಿಲ್ಲ.

"ನಮ್ಮ ಪುಸ್ತಕದಾಗ ಅಂಥಾ ರೊಕ್ಕ ಇಲ್ಲವ್ವ" ಎಂದೆ. "ನಾ ಯಾರಿಗೂ ಕೊಟ್ಟಿಲ್ಲ."

ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ನನ್ನ ಮಾತನ್ನು ನಂಬಿದಳು. ನಂಬಿದ್ದು ಅವಳ ಮುಖದಲ್ಲಿ ಕಾಣಿಸಿತು.

"ಹಂಗಾರ ಅವ್ವ ನನ್ನ ಮುಂದೂ ಸುಳ್ಳ ಹೇಳ್ಯಾಳ" ಎಂದು ಕರವಸ್ತ್ರದ ಗಂಟು ಕಟ್ಟತೊಡಗಿದಳು. ಕಟ್ಟಿ ಮುಗಿಸಿ ಮತ್ತೆ ತಲೆ ಎತ್ತಿ, "ಈ ರೊಕ್ಕ ನಾ ಯಾರಿಗಿ ಕೊಡ್ಲಿರಿ?" ಎಂದು ಕೇಳಿದಳು.

ಅಷ್ಟರಲ್ಲಿ ಟಂಟಂ ಹಾರ್ನ್ ಹೊಡೆಯಿತು. "ಬಬಲೇಶ್ವರದ ಗಾಡಿ ಹೊಂಟದ ನೋಡವ್ವ, ಹತ್ತು" ಎಂದೆ. "ತಪ್ಪಿದ್ರ ಇನ್ನೂ ಒಂದ ತಾಸು ಬಿಸಲಾಗ ನಿಂದರಬೇಕಾಗ್ತದ."